ಪೋಡಿಯಂ ಹಿಂದಿನ ಕಾಲುಗಳು

ಮನುಷ್ಯಜೀವಿ ತನಗೆ ಸಿಕ್ಕ ಎತ್ತರಕ್ಕೆ ತೃಪ್ತಿಪಟ್ಟು ಸುಮ್ಮನೆ ಕೂತ ಉದಾಹರಣೆ ಇತಿಹಾಸದಲ್ಲಿ ಬಹಳ ಕಡಿಮೆ. ಗೋಪುರ ಕಟ್ಟಿದ್ದಾನೆ, ಪರ್ವತ ಹತ್ತಿದ್ದಾನೆ, ಆಕಾಶಕ್ಕೆ ಏಣಿ ಹಾಕುವ ಮಾತಾಡಿದ್ದಾನೆ. ಇಂಡಿ ಪಟ್ಟಣದ ಬಸ್ ಸ್ಟ್ಯಾಂಡ್ ಎದುರಿನ ಚಪ್ಪಲಿ ಅಂಗಡಿಯಲ್ಲಿ ಈ ಮಹತ್ವಾಕಾಂಕ್ಷೆಯನ್ನು ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಒಂದೇ ಕಾಲಿನದು ಕೊಡುವುದಿಲ್ಲ.

ನನ್ನ ಎತ್ತರ ನಾಲ್ಕು ಅಡಿ ಒಂಬತ್ತು ಇಂಚು. ಇದರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ತಕರಾರು ಇದ್ದದ್ದು ಪೋಡಿಯಮ್ಮುಗಳಿಗೆ. ಸಿಂದಗಿಯಲ್ಲಿ ಮನೆ, ಪಕ್ಕದ ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ನೌಕರಿ, ರಜೆಯ ದಿನಗಳಲ್ಲಿ ಸಭೆ ಸಮಾರಂಭಗಳ ನಿರೂಪಣೆ. ನಿರೂಪಣೆ ಎಂದರೆ, "ಈಗ ಮಾನ್ಯರು ಎರಡು ಮಾತುಗಳನ್ನು ಆಡಲಿದ್ದಾರೆ" ಎಂದು ಹೇಳಿ, ಅವರು ಎರಡು ಸಾವಿರ ಮಾತು ಆಡಿ ಮುಗಿಸುವವರೆಗೆ ಮುಖದ ಮೇಲೆ ಸಂತೋಷ ಹೊತ್ತುಕೊಂಡು ನಿಂತಿರುವುದು. ನಿಂತಿರುವುದು ಎಂಬುದನ್ನು ಓದುಗರು ಗಮನಿಸಬೇಕು. ನಮ್ಮ ಕಡೆಯ ವೇದಿಕೆಗಳಲ್ಲಿ ಆಮಂತ್ರಣ ಪತ್ರಿಕೆಯ ಮೇಲ್ಭಾಗದಲ್ಲಿ ಹೆಸರಿದ್ದವರಿಗೆ ಕುರ್ಚಿ. ನಿರೂಪಕಿಯ ಹೆಸರು ಕೆಳಗೆ, ಮುದ್ರಣಾಲಯದ ಹೆಸರಿಗಿಂತ ತುಸು ಮೇಲೆ ಇರುತ್ತದೆ.

ಮೊದಲ ನಿರೂಪಣೆ ಇಪ್ಪತ್ತೊಂದು ವರ್ಷಗಳ ಹಿಂದೆ ಮುದ್ದೇಬಿಹಾಳದಲ್ಲಿ. ಅಲ್ಲಿಯ ಪೋಡಿಯಂ ಸಾಗವಾನಿಯದು. ಆರಡಿ ಗಂಡಸೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಬಡಿಗೇರ ಮಾಡಿದ್ದು. ಅದರ ಹಿಂದೆ ನಿಂತು "ಸರ್ವರಿಗೂ ಸ್ವಾಗತ" ಎಂದೆ. ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: "ಮಾತಾಡೋರು ಎಲ್ಲಿ ಅದಾರ್ರಿ? ಕಾಣವಲ್ರು!" ಪಕ್ಕದವರು ಸಮಾಧಾನ ಹೇಳಿದರು: "ಸುಮ್ಮ ಕುಂದರೋ ಮಾರಾಯಾ, ಪೆಟಿಗಿನ ಮಾತಾಡಾಕತ್ತೈತಿ." ಸಭೆ ಬಹಳ ಹೊತ್ತು ನಕ್ಕಿತು. ಪೆಟ್ಟಿಗೆ ನಗಲಿಲ್ಲ.

ಮರುವಾರವೇ ಇಂಡಿಗೆ ಹೋಗಿ ನಾಲ್ಕು ಇಂಚು ಹೀಲಿನ ಚಪ್ಪಲಿ ತಂದೆ. ನಮ್ಮ ಅತ್ತೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕಾಲಿಗಿ ಕಾಲ್ಮರಿ ಬೇಕು, ಖರೇ. ಕಾಲ್ಮರಿಗಿ ಮಾಳಗಿ ಯಾಕ ಬೇಕವ್ವಾ?" ಎಂದರು. ಅತ್ತೆ ಐದಡಿ ಏಳಿಂಚು. ಎತ್ತರದವರಿಗೆ ಇಂಥ ಪ್ರಶ್ನೆಗಳು ಸುಲಭವಾಗಿ ಹೊಳೆಯುತ್ತವೆ.

ಏನಾದರೂ ಇಟ್ಟುಕೊಂಡು ಅದರ ಮೇಲೆ ನಿಲ್ಲಬಾರದಿತ್ತೇ ಎಂದು ಯಾರಾದರೂ ಕೇಳಿಯಾರು. ನಿಂತಿದ್ದೇನೆ. ಝಳಕಿಯ ಒಂದು ಸಮಾರಂಭದಲ್ಲಿ ಎರಡು ಇಟ್ಟಂಗಿ ಇಟ್ಟುಕೊಟ್ಟಿದ್ದರು. "ಈಗ ಮಾನ್ಯ ಅಧ್ಯಕ್ಷರು" ಎನ್ನುವಷ್ಟರಲ್ಲಿ ಎಡಗಾಲಿನ ಇಟ್ಟಂಗಿ ಹೊರಳಿತು. ನಾನು ಮೈಕನ್ನು ಅಪ್ಪಿಕೊಂಡೆ. ಮೈಕು ಊರೆಲ್ಲ ಕೇಳುವಂತೆ ಕಿರುಚಿತು. ಅಧ್ಯಕ್ಷರು ಅದನ್ನೇ ಆಹ್ವಾನವೆಂದು ತಿಳಿದು ಎದ್ದು ಬಂದರು. ಅಂದಿನಿಂದ ಎತ್ತರವನ್ನು ನನ್ನ ಕಾಲಿಗೇ ಕಟ್ಟಿಕೊಂಡು ಓಡಾಡುವುದು ಕ್ಷೇಮವೆಂದು ತೀರ್ಮಾನಿಸಿದೆ. ಕೈಯಲ್ಲಿ ಹಿಡಿಯುವ ಮೈಕು ಮುಖ್ಯ ಅತಿಥಿಗಳಿಗೆ ಮೀಸಲು. ಅದರ ಬ್ಯಾಟರಿ ಅವರಿಗೇ ಸಾಲುವುದಿಲ್ಲ.

ಆದರೆ ಒಂದು ತೊಡಕನ್ನು ನಾನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮಲ್ಲಿ ದೀಪ ಬೆಳಗಿಸುವಾಗ, ಫೋಟೋಕ್ಕೆ ಹೂವು ಏರಿಸುವಾಗ ಎಲ್ಲರೂ ಚಪ್ಪಲಿ ಬಿಡುತ್ತಾರೆ. ನಾನೂ ಬಿಡುತ್ತಿದ್ದೆ. ಪೋಡಿಯಂ ಹಿಂದೆ ನಾಲ್ಕಿಂಚು ಕಳಚಿಟ್ಟು ದೀಪದ ಹತ್ತಿರ ಹೋಗಿ ಎಣ್ಣೆ ಬತ್ತಿ ಸರಿಮಾಡಿ, ಮರಳಿ ಬಂದು ನಾಲ್ಕಿಂಚು ಏರುತ್ತಿದ್ದೆ. ಸಭೆಯ ಕಣ್ಣಿಗೆ ನಾನು ದಿನಕ್ಕೆ ಮೂರು ನಾಲ್ಕು ಸಲ ಮುಳುಗಿ ಏಳುವ ಗ್ರಹದಂತೆ ಕಂಡಿರಬೇಕು. ಒಮ್ಮೆ ಫೋಟೋ ತೆಗೆಯುವವರು ಸಂಕಟ ತೋಡಿಕೊಂಡರು: "ಅಕ್ಕೋರ, ಒಂದ ಫೋಟೋದಾಗ ಉದ್ದ ಬಂದೀರಿ, ಇನ್ನೊಂದ್ರಾಗ ಗಿಡ್ಡ ಬಂದೀರಿ. ಅಲ್ಬಮ್ ನೋಡಿದವರು ನಿರೂಪಣಾಕ ಅಕ್ಕ-ತಂಗಿ ಇಬ್ಬರೂ ಬಂದಿದ್ರೇನು ಅಂತ ಕೇಳಾಕತ್ತಾರ."

ಹೀಗೆ ಇಪ್ಪತ್ತು ವರ್ಷ ನಡೆಯಿತು. ಕಳೆದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಕಾಲು ಇಳಿಸಿದೆ. ಬಲ ಹಿಮ್ಮಡಿಯಲ್ಲಿ ಜಾಲಿ ಮುಳ್ಳು ಮುರಿದಂತಾಯಿತು. ಕೂತು ನೋಡಿದರೆ ಮುಳ್ಳಿಲ್ಲ. ಹತ್ತು ಹೆಜ್ಜೆ ಹಾಕಿದ ಮೇಲೆ ನೋವು ತಾನೇ ನಾಚಿಕೊಂಡು ಕಡಿಮೆಯಾಯಿತು. ಮರುದಿನ ಮತ್ತೆ ಬಂತು. ದೀಪಾವಳಿಯ ಹೊತ್ತಿಗೆ ಅದು ಹೊರಡುವ ಮಾತೇ ಆಡುತ್ತಿರಲಿಲ್ಲ. ಮುಂಗಾಲಿನ ಗುಪ್ಪೆಯಲ್ಲಿ ಉರಿ, ಮೀನಖಂಡದಲ್ಲಿ ಸೆಳೆತ. ಪಾಠ ಮಾಡುವಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇರುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಕೂರಬೇಕೆನಿಸುತ್ತಿತ್ತು. ಬಸ್ಸು ಹೆಂಗಸರಿಗೆ ಬಿಟ್ಟಿಯಾದ ಮೇಲೆ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯಕ್ಕೆ ಸೇರಿದ ವಿಷಯ. ಸಿಂದಗಿಯಿಂದ ಎಲ್ಲಿಗೆ ಹೋದರೂ ಸರಳಿಗೆ ಜೋತುಬಿದ್ದು ಕುಣಿಯುತ್ತಲೇ ಹೋಗುತ್ತಿದ್ದೆ.

ಆ ಹೊತ್ತಿಗೆ ಸರಿಯಾಗಿ ಬಸವನ ಬಾಗೇವಾಡಿಯಿಂದ ಫೋನು ಬಂತು. ನಾನು ಕಲಿತ ಶಾಲೆಯ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದರು. ಕಲಿಸಿದ ಒಂಬತ್ತು ಮಂದಿ ಗುರುಗಳನ್ನು ಕರೆಸಿ, ಪಾದಪೂಜೆ ಮಾಡಿ, ಶಾಲು ಹೊದಿಸುವುದು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಅಂದರೆ ಆರು ಗಂಟೆ ನಿಲ್ಲುವುದು. ಸಮಿತಿಯ ಕಾರ್ಯದರ್ಶಿ ನನ್ನ ತರಗತಿಯವನೇ, ಈಗ ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

"ನಿರೂಪಣಾ ನಿನಗ," ಎಂದ. "ಆದ್ರ ಕಾಲುನೋವು ಅಂತ ಕೇಳೇನಿ. ಆಗೂದಿಲ್ಲಂದ್ರ ಈಗ ಹೇಳಿಬಿಡು. ಮುದ್ದೇಬಿಹಾಳದ ಒಬ್ಬ ಸರ್ ಅದಾನ, ಹುಡುಗ, ಆರಡಿ. ಅವಗ ಮೈಕೂ ಬ್ಯಾಡ."

"ಯಾರ್ಯಾರು ಬರಾಕತ್ತಾರ?" ಎಂದೆ.

ಅವನು ಹೇಳಿದ ಮೊದಲ ಹೆಸರು ನಮ್ಮ ಅಕ್ಕೋರದು; ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ನಾಲ್ಕನೆಯ ತರಗತಿಯಲ್ಲಿ ನನ್ನನ್ನು ಪ್ರಾರ್ಥನೆಯ ಹೊತ್ತಿಗೆ ಮೇಜಿನ ಮೇಲೆ ನಿಲ್ಲಿಸಿ ಪತ್ರಿಕೆಯ ಸುದ್ದಿ ಓದಿಸುತ್ತಿದ್ದವರು. ಅಲ್ಲಿಯವರೆಗೆ ನಾನು ತರಗತಿಯಲ್ಲಿ ಇದ್ದೇನೋ ಇಲ್ಲವೋ ಎಂಬುದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಅವರು ನನಗೆ ಕಲಿಸಿದ್ದು ಒಂದೇ ಪಾಠ: "ಗಿಡ್ಡೀ, ಮೊದಲ ಕಾಲು ಗಟ್ಟಿ ಊರು. ಆಮ್ಯಾಲ ಬಾಯಿ ತಗಿ." ಆ ಒಂದು ಪಾಠದ ಮೇಲೆ ನಾನು ಇಷ್ಟು ವರ್ಷ ನಾಲ್ಕು ತಾಲೂಕು ಸುತ್ತಿದ್ದೇನೆ. ಅವರಿಗೆ ಈಗ ಎಂಬತ್ತನಾಲ್ಕು. ನಾನು ಮೈಕಿನ ಮುಂದೆ ನಿಂತದ್ದನ್ನು ಅವರು ಶಾಲೆ ಬಿಟ್ಟ ಮೇಲೆ ಒಮ್ಮೆಯೂ ನೋಡಿರಲಿಲ್ಲ. ಅವರ ಹೆಸರನ್ನು ಆ ಮೈಕಿನಲ್ಲಿ ನಾನೇ ಕರೆಯಬೇಕು, ಆರಡಿಯ ಹುಡುಗನಲ್ಲ.

"ನಾನ ಮಾಡ್ತೇನಿ," ಎಂದೆ. ಉಳಿದದ್ದು ಹನ್ನೆರಡು ದಿನ.

ಸಿಂದಗಿಯ ಎಲುಬಿನ ಡಾಕ್ಟರು ಎಕ್ಸ್-ರೇ ನೋಡುವ ಮೊದಲು ನನ್ನ ಚಪ್ಪಲಿ ನೋಡಿದರು.

"ಎಷ್ಟ ಇಂಚರಿ?"

"ನಾಕು."

"ಎಷ್ಟ ವರ್ಷ?"

"ಇಪ್ಪತ್ತು."

"ಭಾಳ ಏರೀರಿ ಅಕ್ಕೋರ. ಇನ್ನ ಇಳೀರಿ."

ಆಮೇಲೆ ವಿವರಿಸಿದರು. ಹಿಮ್ಮಡಿ ಎತ್ತಿದಷ್ಟೂ ಮೈಭಾರ ಮುಂಗಾಲಿಗೆ ಜಾರುತ್ತದೆ, ಬೆರಳುಗಳು ಚಪ್ಪಲಿಯ ಮೂತಿಯೊಳಗೆ ಒತ್ತಿಕೊಳ್ಳುತ್ತವೆ. ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ನರ ವರ್ಷಗಟ್ಟಲೆ ಸಡಿಲಾಗಿಯೇ ಇದ್ದು ಗಿಡ್ಡವಾಗಿಬಿಡುತ್ತದೆ. ಆದ್ದರಿಂದ ಈಗ ಒಮ್ಮೆಲೇ ಸಪಾಟು ಚಪ್ಪಲಿ ಹಾಕಿದರೂ ನೋವೇ. ನನ್ನ ಶರೀರದಲ್ಲಿ ಗಿಡ್ಡವಾಗಲು ಇನ್ನೂ ಏನೋ ಉಳಿದಿತ್ತು ಎಂಬುದು ನನಗೆ ಹೊಸ ಸುದ್ದಿ. ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಬೇಕು. ಹೀಲು ಕಡ್ಡಿಯಂತಿರದೆ ಅಗಲವಾಗಿರಬೇಕು. ಎಲ್ಲಿ ಕುರ್ಚಿ ಕಂಡರೂ ಮಾನ ಮರ್ಯಾದೆ ನೋಡದೆ ಕೂರಬೇಕು. ಬೆಳಿಗ್ಗೆ ಸಂಜೆ ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಬೇಕು. ದುಂಡನೆಯದೇನಾದರೂ ಪಾದದ ಕೆಳಗಿಟ್ಟು ಉರುಳಿಸಬೇಕು. "ಬಾಟಲಿಯೊಳಗ ನೀರು ಹಾಕಿ ಬರ್ಫ ಮಾಡಿ ಉರುಳಿಸಿದ್ರ ಇನ್ನೂ ಚಲೋ. ಇಲ್ಲಂದ್ರ ಲಟ್ಟಣಿಗಿ ನಡೀತೈತಿ."

ನಮ್ಮ ಫ್ರಿಜ್ಜಿಗೆ ಬರ್ಫ ಮಾಡುವ ಶಕ್ತಿ ಉಳಿದಿರಲಿಲ್ಲ. ಸಂಜೆ ಲಟ್ಟಣಿಗೆ ಇಳಿಸಿ ಪಾದದ ಕೆಳಗೆ ಉರುಳಿಸುತ್ತ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅದರಲೆ ನಾಳಿ ಚಪಾತಿ ಲಟ್ಟಸಾಕೀ ಏನು?"

"ತೊಳೀತೇನ್ರಿ ಅತ್ತಿ."

"ಲಟ್ಟಣಿಗಿ ಹೊಲಸು ತೊಳದ್ರ ಹೋಗ್ತೈತಿ. ನಾ ನೋಡಿದ್ದು ಹ್ಯಾಂಗ ತೊಳೀಲಿ?"

ಮರುದಿನದಿಂದ ಸೋಡಾ ಬಾಟಲಿ. ಆ ರಾತ್ರಿಯ ಅಡುಗೆಯಲ್ಲಿ ಚಪಾತಿ ಇರಲಿಲ್ಲ. ಅದಾದ ಮೇಲೂ ಬಹಳ ದಿನ ಇರಲಿಲ್ಲ. ಆದರೆ ಅತ್ತೆ ಬರೀ ಬೈದು ಸುಮ್ಮನಾಗುವವರಲ್ಲ. ಹಿತ್ತಲಿನಿಂದ ಎಕ್ಕೆ ಎಲೆ ತಂದು, ಒಲೆಯಲ್ಲಿ ಇಟ್ಟಂಗಿ ಕಾಯಿಸಿ, ಅದರ ಮೇಲೆ ಎಲೆ ಹಾಸಿ, ಬಟ್ಟೆ ಸುತ್ತಿ, "ಹಿಂಬಡ ಇಡು, ಜಿಗಿಬ್ಯಾಡ" ಎಂದು ನನ್ನ ಕಾಲು ಹಿಡಿದು ಕೂರಿಸಿದರು. ಆಮೇಲೆ ಬಿಸಿನೀರಿಗೆ ಉಪ್ಪು, ಆಮೇಲೆ ಔಡಲೆಣ್ಣೆ. ಡಾಕ್ಟರ ಶಾಸ್ತ್ರ, ಅತ್ತೆಯ ಶಾಸ್ತ್ರ ಎರಡೂ ಒಂದೇ ಕಾಲಿನ ಮೇಲೆ ನಡೆದವು. ಯಾವುದರಿಂದ ಆರಾಮವಾಯಿತು ಎಂದು ಇಬ್ಬರೂ ಕೇಳುತ್ತಿದ್ದರು. ಇಬ್ಬರಿಗೂ "ನಿಮ್ಮದರಿಂದ" ಎಂದೆ. ನಿಜ ಹೇಳಬೇಕೆಂದರೆ ಅರ್ಧದಷ್ಟು ಮಾತ್ರ ಆರಾಮವಾಗಿತ್ತು, ದಿನಗಳು ಮಾತ್ರ ಪೂರ್ತಿಯಾಗಿಯೇ ಕಳೆಯುತ್ತಿದ್ದವು.

ಗುರುವಾರ ಶಾಲೆಗೆ ರಜೆ ಹಾಕಿ ಇಂಡಿಗೆ ಹೋದೆ. ಚಪ್ಪಲಿ ಅಂಗಡಿಯ ಚಾಚಾ ಇಪ್ಪತ್ತು ವರ್ಷಗಳಿಂದ ನನ್ನ ಎತ್ತರದ ಸರಬರಾಜುದಾರರು. ಬೆಳಿಗ್ಗೆ ಹನ್ನೊಂದಕ್ಕೇ ನನ್ನನ್ನು ನೋಡಿ ತಲೆಯಾಡಿಸಿದರು.

"ಸಂಜಿಕ ಬರಬೇಕಿತ್ತರಿ ಅಕ್ಕೋರ. ಮುಂಜಾನೆ ಕಾಲು ಸುಳ್ಳು ಹೇಳ್ತಾವ. ಸಂಜಿಕ ಬಾತ ಮ್ಯಾಲ ಖರೇ ಅಳತಿ ಕೊಡ್ತಾವ."

"ಇಪ್ಪತ್ತ ವರ್ಷ ಮುಂಜಾನೆನ ಬಂದೇನಲ್ಲಾ ಚಾಚಾ, ಆವಾಗ ಯಾಕ ಹೇಳಲಿಲ್ಲ?"

"ಆವಾಗ ನೀವು ಕಾಲಿನ ಮಾತು ತಗೀಲೇ ಇಲ್ಲ. ಎಷ್ಟ ಇಂಚು ಅಂತಷ್ಟ ಕೇಳಿದ್ರಿ."

ಸಂಜೆಯವರೆಗೆ ಏನು ಮಾಡುವುದು? ಅಂಗಡಿಯಲ್ಲಿ ಕೂರಲಾಗಲಿಲ್ಲ. ಮಾರ್ಕೆಟ್ಟಿಗೆ ಹೋದೆ, ಬೇಡದ ಲಿಂಬೆಹಣ್ಣಿನ ದರ ಕೇಳಿದೆ, ಬಸ್ ಸ್ಟ್ಯಾಂಡಿಗೆ ಬಂದು ನಾನು ಹತ್ತದ ಬಸ್ಸುಗಳ ಬೋರ್ಡು ಓದಿದೆ, ಮತ್ತೆ ಮಾರ್ಕೆಟ್ಟಿಗೆ ಹೋದೆ. ನೋಯುವ ಕಾಲಿಗೆ ಚಪ್ಪಲಿ ಕೊಳ್ಳಲೆಂದು ಆ ಕಾಲಿನಿಂದಲೇ ಇಂಡಿ ಪಟ್ಟಣವನ್ನು ಐದು ಸಲ ಸುತ್ತಿದೆ. ಸಂಜೆ ಐದಕ್ಕೆ ಕಾಲುಗಳು ಖರೇ ಅಳತೆಗಿಂತ ಸ್ವಲ್ಪ ಹೆಚ್ಚೇ ಹೇಳಿದವು. ಚಾಚಾ ಎರಡಿಂಚಿನ, ಅಗಲ ಹೀಲಿನ, ಮುಂದೆ ಬೆರಳು ಬಿಡಿಸಿಕೊಳ್ಳಲು ಜಾಗವಿದ್ದ ಜೋಡಿ ಕೊಟ್ಟರು. ಹಾಕಿಕೊಂಡು ನಡೆದಾಗ ಮೊದಲ ಬಾರಿಗೆ ನೆಲ ನನ್ನ ಮೇಲೆ ಸಿಟ್ಟಾಗಿಲ್ಲ ಎನಿಸಿತು.

ಆದರೆ ಎರಡರಲ್ಲಿ ನಾಲ್ಕು ಇರುವುದಿಲ್ಲ. ಮನೆಗೆ ಬಂದು ಬೀರುವಿನ ಮುಂದೆ ಪೋಡಿಯಮ್ಮಿನ ಎತ್ತರಕ್ಕೆ ಹೊದಿಕೆ ಹಿಡಿದು ನಿಂತೆ. ಕನ್ನಡಿಯಲ್ಲಿ ಕಂಡದ್ದು ಹಣೆ ಮತ್ತು ಕುಂಕುಮ. ಕಾರ್ಯದರ್ಶಿಗೆ ಫೋನು ಮಾಡಿದೆ.

"ನಿಮ್ಮ ಪೋಡಿಯಂ ಎರಡಿಂಚು ಕೊಯ್ಸಾಕ ಬರ್ತೈತೇನು?"

"ಹುಚ್ಚು ಹಿಡದೈತೇನ ನಿನಗ? ಬುಡದಾಗ ದಾನಿಗಳ ಹೆಸರು ಬರದೈತಿ. ಕೊಯ್ದ್ರ ಅರ್ಧ ಹೆಸರು ಹೋಗ್ತೈತಿ. ಅವರ ಮಗನ ಅವತ್ತು ಮುಖ್ಯ ಅತಿಥಿ!"

ನಮ್ಮ ಕಡೆ ಶಾಲೆಯ ಫ್ಯಾನಿನ ರೆಕ್ಕೆಯಿಂದ ಹಿಡಿದು ಗಂಟೆಯವರೆಗೆ ದಾನಿಗಳ ಹೆಸರಿಲ್ಲದ ವಸ್ತುವಿಲ್ಲ. ಹೆಸರಿಗೆ ಗರಗಸ ಹಾಕುವ ಧೈರ್ಯ ಯಾರಿಗೂ ಇಲ್ಲ.

"ಒಂದ ಮಾತು ಕೇಳು," ಎಂದ ಅವನು, ಸ್ವಲ್ಪ ಮೆತ್ತಗೆ. "ನಡುವ ಕುಂತೀ ಅಂದ್ರ ಕಾರ್ಯಕ್ರಮ ಕುಂದ್ರತೈತಿ. ಮುದ್ದೇಬಿಹಾಳದ ಹುಡುಗನ್ನ ಮೊದಲ ಸಾಲಿನ್ಯಾಗ ಕುಂದ್ರಸಿರ್ತೇನಿ. ಇರ್ಲಿ, ಕಾಯ್ದಿಟ್ಟಿದ್ದು."

ಭಾನುವಾರ ಎರಡಿಂಚು ಹಾಕಿಕೊಂಡು, ನಾಲ್ಕಿಂಚು ಚೀಲದಲ್ಲಿಟ್ಟುಕೊಂಡು ಬಾಗೇವಾಡಿಯಲ್ಲಿ ಇಳಿದೆ. ಹಿಮ್ಮಡಿಗೆ ಪಟ್ಟಿ, ಕಿರುಬೆರಳಿಗೆ ಪಟ್ಟಿ, ಹೆಬ್ಬೆರಳಿನ ಮಗ್ಗುಲಿಗೆ ಹತ್ತಿ. ಕಾಲಿನ ತುಂಬ ಅಲ್ಲಲ್ಲಿ ಕಾಮಗಾರಿ ನಡೆದಿತ್ತು. ಪೋಡಿಯಂ ಹಿಂದೆ ಚಪ್ಪಲಿ ಬದಲಾಯಿಸಿದೆ. ಡಾಕ್ಟರು, ಚಾಚಾ, ಅತ್ತೆ ಮೂವರ ಮಾತನ್ನೂ ಒಂದೇ ಏಟಿಗೆ ಮೀರಿದ ತೃಪ್ತಿಯೊಂದಿಗೆ ಹತ್ತಕ್ಕೆ ಸ್ವಾಗತ ಹೇಳಿದೆ.

ಅಕ್ಕೋರು ವೇದಿಕೆಯ ಮೇಲೆ ಮೊದಲ ಕುರ್ಚಿಯಲ್ಲಿದ್ದರು. ಕಣ್ಣಿಗೆ ದಪ್ಪ ಕನ್ನಡಕ, ಕೈಯಲ್ಲಿ ಕೋಲು. ಅವರ ಹೆಸರು ಕರೆದಾಗ ನನ್ನ ಧ್ವನಿ ನಡುಗಿತು. ಭಾವದಿಂದ ಎಂದು ಸಭೆ ತಿಳಿಯಿತು. ಅದರಲ್ಲಿ ಬಲಗಾಲಿನ ಪಾಲೂ ಇತ್ತು.

ಹನ್ನೊಂದೂವರೆಗೆ ಮುಂಗಾಲು ಉರಿಯತೊಡಗಿತು. ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ. ಪೋಡಿಯಂ ಮೇಲೆ ಮೊಣಕೈ ಊರಿದೆ. ಒಂದು ಚಪ್ಪಲಿ ಕಳಚಿ ಒಂಟಿ ಕಾಲಲ್ಲಿ ನಿಂತು "ಮುಂದಿನ ಕಾರ್ಯಕ್ರಮ" ಎಂದೆ. ಮೈಕು ಮೂಗಿಗೆ ತಾಗಿತು. ಮೊದಲ ಸಾಲಿನಲ್ಲಿ ಆರಡಿಯ ಹುಡುಗ ಗಂಟಲು ಸರಿಮಾಡಿಕೊಂಡ. ಕಾರ್ಯದರ್ಶಿ ಅವನನ್ನು ನೋಡಿದ, ನನ್ನನ್ನು ನೋಡಿದ, ಗಡಿಯಾರ ನೋಡಿದ.

ಆಗ ಪಾದಪೂಜೆ. ಗುರುಗಳ ಮುಂದೆ ಒಂಬತ್ತು ಹಿತ್ತಾಳೆ ಪರಾತ, ಅಂದರೆ ಅಂಚಿರುವ ಅಗಲ ತಟ್ಟೆ. ಪರಾತದಲ್ಲಿ ಕಾಲಿಡಲು ಒಂದೊಂದು ಮಣೆ. ಒಬ್ಬೊಬ್ಬ ಗುರುವಿಗೆ ಒಬ್ಬೊಬ್ಬ ಶಿಷ್ಯ. ಅಕ್ಕೋರ ಪಾದ ನನ್ನ ಪಾಲಿಗೆ ಬಂದಿತ್ತು. ಮುಖ್ಯ ಅತಿಥಿಗಳ ಕೈಮೈಕನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಹೋಗಿ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಅವರ ಪಾದಗಳು ಅಗಲವಾಗಿ, ಬೆರಳುಗಳು ಒಂದಕ್ಕೊಂದು ದೂರ ದೂರ, ಮಣೆಯ ಮೇಲೆ ಪೂರ್ತಿ ಹರಡಿಕೊಂಡು ಕೂತಿದ್ದವು. ಯಾವ ಅವಸರವೂ ಇಲ್ಲದ ಪಾದಗಳು. ನೀರು ಹಾಕಿದೆ, ಒರೆಸಿದೆ, ಹೂ ಇಟ್ಟೆ, ನಮಸ್ಕರಿಸಿದೆ. ಏಳಲು ಹೋದೆ, ಮೀನಖಂಡ ಹಿಡಿದುಕೊಂಡಿತು. ಮತ್ತೆ ಹೋದೆ, ಏಳಲಾಗಲಿಲ್ಲ. ಎರಡೂ ಕೈ ಪರಾತದ ಅಂಚಿಗೆ ಊರಿ ಅಲ್ಲೇ ಉಳಿದೆ.

ಅಕ್ಕೋರು ಬಗ್ಗಿ ನನ್ನ ಪಟ್ಟಿ ಕಟ್ಟಿದ ಕಾಲು ನೋಡಿದರು.

"ಏನಿದು ಗಿಡ್ಡೀ? ಯಾರ ಹೊಡದಾರ?"

"ಚಪ್ಪಲಿ ಅಕ್ಕೋರ. ಎತ್ತರದ್ದು. ಅದಿಲ್ಲಂದ್ರ ಕಾಣೂದಿಲ್ಲ."

"ಕಾಣೂದಿಲ್ಲ ಅಂತನ ನಾ ನಿನ್ನ ಮೇಜಿನ ಮ್ಯಾಲ ನಿಂದ್ರಸಿದ್ದು. ಮೇಜು ಕಾಲಿಗಿ ಕಟಗೊಂಡು ಅಡ್ಡಾಡು ಅಂತ ಹೇಳಿದ್ನೇನು?" ಕೋಲಿನಿಂದ ಕಾರ್ಯದರ್ಶಿಯತ್ತ ತೋರಿಸಿದರು. "ಏ, ಬಾ ಇಲ್ಲೆ. ನನ್ನ ಕಾಲ ಕೆಳಗಿನ ಮಣಿ ತಗೊ. ಬಾಜೂದವರದ್ದೂ ತಗೊ. ಎರಡೂ ಆ ಪೆಟಿಗಿ ಹಿಂದ ಇಡು."

ಅವನು ಗಾಬರಿಯಾದ. "ಪೂಜೀ ಮಣಿ ರೀ ಅಕ್ಕೋರ. ಅದರ ಮ್ಯಾಲ ಕಾಲು ಹ್ಯಾಂಗ..."

"ಇಷ್ಟೊತ್ತನಕ ಅದರ ಮ್ಯಾಲ ನಾ ಏನ ಇಟ್ಟಿದ್ನೋ? ತಲಿ?"

ಮೈಕು ಅವನ ಕೈಯಲ್ಲೇ ಇತ್ತು. ಈ ಸಂವಾದವನ್ನು ಸಭೆ ಪೂರ್ತಿ ಕೇಳಿತು. ನಾಲ್ಕು ಜನ ಬಂದು ನನ್ನನ್ನು ಎಬ್ಬಿಸಿದರು. ಎರಡು ಮಣೆ ಒಂದರ ಮೇಲೊಂದು ಕೂತವು. ಝಳಕಿಯ ಇಟ್ಟಂಗಿ ನೆನಪಾಗಿ ನಾನು ಹಿಂಜರಿದೆ. ಮೊದಲ ಸಾಲಿನಿಂದ ಆರಡಿಯ ಹುಡುಗನೇ ಎದ್ದು ಬಂದು, ನಡುವೆ ಒದ್ದೆ ಗೋಣಿತಾಟು ಹಾಸಿ, ಮೇಲೆ ತಾನು ನಿಂತು ಕುಣಿದು ನೋಡಿ, "ಹಂದಾಡೂದಿಲ್ಲ, ಏರ್ರಿ ಅಕ್ಕೋರ" ಎಂದ. ಅವನ ಬಗ್ಗೆ ಹನ್ನೆರಡು ದಿನ ನಾನು ಅಂದುಕೊಂಡದ್ದನ್ನೆಲ್ಲ ಇಲ್ಲಿ ಬರೆಯುವ ಅಗತ್ಯವಿಲ್ಲ.

ಬರಿಗಾಲಲ್ಲಿ ಏರಿದೆ. ಹಿಮ್ಮಡಿ, ಮುಂಗಾಲು, ಹತ್ತೂ ಬೆರಳು ಒಟ್ಟಿಗೇ ಮರಕ್ಕೆ ತಾಗಿದವು. ಕಾಲು ಊರಿ, ಆಮೇಲೆ ಬಾಯಿ ತೆರೆದೆ. ನೋವು ಇತ್ತು, ಆದರೆ ಅದು ಈಗ ಒಂದು ಕಡೆ ಕೂತು ಕಾರ್ಯಕ್ರಮ ನೋಡುತ್ತಿತ್ತು. ಬೆಳಗಿನಿಂದ ಮೊದಲ ಬಾರಿಗೆ ನಾನು ಅಲುಗಾಡದೆ ನಿಂತಿದ್ದೆ. ದಾನಿಗಳ ಮಗ ಎರಡು ಮಾತು ಎಂದು ಎದ್ದು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಅದರಲ್ಲಿ ಬಹುಪಾಲು ಹೊತ್ತು ಅಕ್ಕೋರು ಕೋಲಿಗೆ ಗದ್ದ ಊರಿ ನಿದ್ದೆ ಮಾಡಿದರು. ನಾನು ಮುಂದಿನ ಹೆಸರು ಕರೆದಾಗ ಮಾತ್ರ ಕಣ್ಣು ತೆರೆದು ನನ್ನ ಕಾಲಿನ ಕಡೆ ನೋಡಿದರು. ಅವರು ಕೂತಲ್ಲಿಂದ ಪೋಡಿಯಂ ಹಿಂದಿನದು ಕಾಣುತ್ತಿತ್ತು.

ವಂದನಾರ್ಪಣೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಕೊನೆಯವರೆಗೂ ನಿರೂಪಣೆ ನಾನೇ ಮಾಡಿದೆ.